ಬೀಜದ ಚೀಟಿ, ರಸೀದಿ ಮತ್ತು ಹೊಲದ ಪುಸ್ತಕ

ಕೂರಿಗೆ, ಕುಂಟೆಗಳನ್ನು ಮುಂಗಾರಿಗೆ ಮೊದಲೇ ಸರಿಪಡಿಸಿಟ್ಟುಕೊಳ್ಳುವ ರೈತ ಬಾಂಧವರು ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಪಹಣಿ ಟ್ರಂಕಿನಲ್ಲಿ, ಗೊಬ್ಬರದ ರಸೀದಿ ಅಂಗಿಯ ಜೇಬಿನಲ್ಲಿ, ಸೊಸೈಟಿಯ ಚೀಟಿ ಜಂತಿಯ ಸಂದಿಯಲ್ಲಿ. ಬೇಕಾದ ದಿನ ಒಂದೂ ಕೈಗೆ ಸಿಗದು.

ಬಯಲುಸೀಮೆಯ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಅಂಗಡಿಯಿಂದ ಶೇಂಗಾ ಬೀಜ ತಂದು ಬಿತ್ತಿದ್ದರು. ಇಬ್ಬರ ಹೊಲದಲ್ಲೂ ಅರ್ಧದಷ್ಟು ಬೀಜ ಮೊಳೆಯಲಿಲ್ಲ. ಅಣ್ಣ ರಸೀದಿ ಕೇಳಿರಲಿಲ್ಲ. ಚೀಲದ ಬಾಯಿ ಹರಿದಾಗ ಚೀಟಿಯೂ ಹೋಗಿತ್ತು. ತಮ್ಮನ ಬಳಿ ಎರಡೂ ಇದ್ದವು. ಹದವಿಲ್ಲದ ನೆಲದಲ್ಲಿ ಬಿತ್ತಿದ್ದೇ ತಪ್ಪು ಎಂದು ಅಂಗಡಿಯವರು ವಾದಿಸಿದಾಗ, ಆತ ಮಗಳ ಹಳೆಯ ನೋಟುಪುಸ್ತಕ ತೆರೆದು ಮಳೆ ಬಿದ್ದ ದಿನ, ಬಿತ್ತಿದ ದಿನ ಎರಡನ್ನೂ ತೋರಿಸಿದ. ತಮ್ಮನ ದೂರು ಮುಂದಕ್ಕೆ ಹೋಯಿತು, ಅಣ್ಣನದು ಬಾಯಿಮಾತಾಗಿಯೇ ಉಳಿಯಿತು. ನಷ್ಟವೇನೋ ಇಬ್ಬರಿಗೂ ಒಂದೇ.

ಬೀಜ ಮಾರುವವರು ಕೊಳ್ಳುವವರಿಗೆ ರಸೀದಿ ಕೊಡಲೇಬೇಕೆಂದು 1983ರ ಬೀಜ ನಿಯಂತ್ರಣ ಆದೇಶ ಹೇಳುತ್ತದೆ. ಆದ್ದರಿಂದ ರಸೀದಿ ಕೇಳಲು ಸಂಕೋಚಪಡಬೇಕಾಗಿಲ್ಲ. ಅದರಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ ಇವೆಯೇ, ಆ ಸಂಖ್ಯೆ ಚೀಲದ ಚೀಟಿಯ ಸಂಖ್ಯೆಗೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿರಿ. ಪ್ರಮಾಣಿತ ಬೀಜದ ಚೀಟಿ ನೀಲಿ ಬಣ್ಣದ್ದು. ಪರೀಕ್ಷೆಯಾದ ದಿನವೂ ಅವಧಿ ಮುಗಿಯುವ ದಿನವೂ ಅದರ ಮೇಲಿರುತ್ತವೆ.

ಚೀಲವನ್ನು ಚೀಟಿ ಹೊಲಿದಿರುವ ಕಡೆ ಬಿಚ್ಚದೆ ತಳದ ಕಡೆಯಿಂದ ಬಿಚ್ಚಬೇಕು. ಬಿತ್ತಿದ ಮೇಲೆ ಒಂದೆರಡು ಹಿಡಿ ಬೀಜವನ್ನು ಅದೇ ಚೀಲದಲ್ಲಿ ಉಳಿಸಿ, ಕೊಯ್ಲಾಗುವವರೆಗೆ ಒಣ ಜಾಗದಲ್ಲಿ ತೆಗೆದಿಡಿ. ಬಿತ್ತುವ ಮುಂಚೆ 100 ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸಿದರೆ ಇನ್ನೂ ಒಳ್ಳೆಯದು. ಪ್ರಮಾಣಿತ ಶೇಂಗಾದಲ್ಲಿ 70 ಆದರೂ ಮೊಳೆಯಬೇಕು, ಭತ್ತದಲ್ಲಿ 80, ರಾಗಿಯಲ್ಲಿ 75.

ಪುಸ್ತಕಕ್ಕೆ ಹೆಚ್ಚು ಬರವಣಿಗೆ ಬೇಡ. ಹೊಲದ ಸರ್ವೆ ನಂಬರು, ಮಳೆ ಬಂದ ದಿನ, ಬಿತ್ತಿದ ದಿನ, ಬೀಜೋಪಚಾರ, ಹಾಕಿದ ಗೊಬ್ಬರ, ಹೊಡೆದ ಔಷಧಿ, ಕೂಲಿ ಇಷ್ಟು ಸಾಕು. ಅಂದಂದೇ ರಾತ್ರಿ ಬರೆಯಬೇಕು. ವಾರ ಕಳೆದು ನೆನಪಿನಿಂದ ಬರೆದದ್ದು ಪಂಚಾಯಿತಿಕಟ್ಟೆಯ ಮಾತಿಗಿಂತ ಹೆಚ್ಚಲ್ಲ. ಓದುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ. ನಮಗಿಂತ ಶಿಸ್ತಾಗಿ ಮಾಡುತ್ತಾರೆ.

ಬೀಜ ಮೊಳೆಯದಿದ್ದರೆ ಹೊಲ ಹರಗುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ತಿಳಿಸಿ, ಅರ್ಜಿಯ ನಕಲಿಗೆ ಸ್ವೀಕೃತಿ ಹಾಕಿಸಿಕೊಳ್ಳಿರಿ. ಹರಗಿದ ಹೊಲದಲ್ಲಿ ಅಧಿಕಾರಿಗಳು ನೋಡುವುದಾದರೂ ಏನನ್ನು? ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಫಸಲ್ ಬಿಮಾ ಮಾಡಿಸಿದ ಬೆಳೆಗೆ ಆಲಿಕಲ್ಲು ಬಿದ್ದರೆ ಅಷ್ಟು ಕಾಲಾವಕಾಶವೂ ಇಲ್ಲ, 72 ಗಂಟೆಗಳಲ್ಲಿ ತಿಳಿಸಬೇಕು. ವಿಮೆ ಕಟ್ಟಿದ ರಸೀದಿಯನ್ನು ಆ ಮೂರು ದಿನ ಹುಡುಕುತ್ತ ಕೂರುವಂತಾಗಬಾರದು. ಪಹಣಿ, ಬ್ಯಾಂಕ್ ಪುಸ್ತಕದ ನಕಲುಗಳ ಜೊತೆ ಅದನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಇಲಿಗೆ ಎಟುಕದಂತೆ ಗೋಡೆಯ ಮೊಳೆಗೆ ತೂಗುಹಾಕಿ, ಜಾಗವನ್ನು ಮನೆಯವರೆಲ್ಲರಿಗೂ ತೋರಿಸಿಡಿ.