ಬಟ್ಟೆಗೆಲ್ಲ ಒಂದೇ ಅಂಗಡಿ: ಖಾದಿ ಭಂಡಾರಕ್ಕೆ ಹೊಸಬರಿಗೆ

ವರ್ಷದ ಬಟ್ಟೆಯನ್ನೆಲ್ಲ ಒಂದೇ ಅಂಗಡಿಯಲ್ಲಿ ಕೊಳ್ಳಬೇಕೆಂದು ಹೊರಟವರು ಮೊದಲು ನೋಡುವುದು ಹಬ್ಬದ ಬಟ್ಟೆಯನ್ನು. ಎಡವುವುದೂ ಅಲ್ಲೇ. ಸೋಮವಾರ ಬೆಳಿಗ್ಗೆ ಕೈಗೆ ಸಿಗುವ ಅಂಗಿ ಎಲ್ಲಿ ಒಗ್ಗುತ್ತದೋ ಅದನ್ನು ನಿಮ್ಮ ಅಂಗಡಿ ಮಾಡಿಕೊಳ್ಳಿ. ನನಗೆ ಅದು ಖಾದಿ ಭಂಡಾರ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಕೈಮಗ್ಗದ ಬಟ್ಟೆಗೆ ಗಿರಣಿಯ ನೂಲು ಬಳಸಬಹುದು. ಖಾದಿಗೆ ನೂಲುವುದೂ ನೇಯುವುದೂ ಕೈಯಿಂದಲೇ ಆಗಬೇಕು. ಹತ್ತಿ, ರೇಷ್ಮೆ, ಉಣ್ಣೆ ಮೂರರಲ್ಲೂ ಖಾದಿಯುಂಟು. ಅದಕ್ಕೇ ದಿನದ ಅಂಗಿ, ಮದುವೆಮನೆಯ ಸೀರೆ, ಚಳಿಯ ಶಾಲು ಒಂದೇ ಸೂರಿನಡಿ ಸಿಗುತ್ತವೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ: ಎಳೆ ಒಂದೆಡೆ ದಪ್ಪ, ಒಂದೆಡೆ ಸಣ್ಣ, ನಡುವೆ ಪುಟ್ಟ ಗಂಟು; ಕೈನೂಲಿನ ಗುರುತು ಅದು. ಅಸಲಿ ಖಾದಿಯೆಂದು ಹೇಳುವ ಖಾದಿ ಮಾರ್ಕ್ ಚೀಟಿಯನ್ನೂ ಗಮನಿಸಿ. ಅದೇ ಅಂಗಡಿಯಲ್ಲಿ ಪಾಲಿಯೆಸ್ಟರ್ ಬೆರೆತ ಪಾಲಿವಸ್ತ್ರವೂ ಇರುತ್ತದೆ; ಕೇಳಿ ಕೊಳ್ಳಿ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಕ್ಕೆ ಬಳಸುವ ಖಾದಿಯಾದರೆ ಎಳೆಗಳ ಲೆಕ್ಕಕ್ಕೂ ನಿಯಮವಿದೆ. ಅಂಗಿ ಬಟ್ಟೆಗೆ ಅಷ್ಟು ಬಿಗಿಯಿಲ್ಲ. ಒಂದೇ ನೀಲಿಯ ಎರಡು ಥಾನು ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ಅವಳಿಗಳಂತಲ್ಲ. ಜೋಡಿ ಬೇಕಿದ್ದರೆ ಒಂದೇ ಥಾನಿನಿಂದ ಕತ್ತರಿಸಿಕೊಳ್ಳಿ.

ಈಗ ಮುಖ್ಯ ವಿಷಯ, ಕುಗ್ಗುವುದು. ನನ್ನ ಮೊದಲ ಜುಬ್ಬ ಒಂದೇ ಒಗೆತಕ್ಕೆ ಮಣಿಕಟ್ಟು ಬಿಟ್ಟು ಮೇಲೇರಿತ್ತು; ತಪ್ಪು ನನ್ನದೇ. 36 ಇಂಚು ಪನ್ನದ ಬಟ್ಟೆಯಲ್ಲಿ ತುಂಬುತೋಳಿನ ಅಂಗಿಗೆ ಎರಡೂವರೆ ಮೀಟರ್ ತೆಗೆದುಕೊಳ್ಳಿ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಆಮೇಲೆ ದರ್ಜಿಗೆ ಕೊಡಿ. ಕಡುಬಣ್ಣದ್ದಾದರೆ ಬೇರೆ ಬಕೆಟ್. ಆ ಒಂದು ಅಂಗಿಯನ್ನು ತಿಂಗಳು ತೊಟ್ಟು, ನಾಲ್ಕು ಸಲ ಒಗೆದು ನೋಡಿ. ಹಿಡಿಸಿದರೆ ಮಿಕ್ಕ ಬಟ್ಟೆಯ ಮಾತು. ಗಾಂಧಿ ಜಯಂತಿಯ ರಿಯಾಯಿತಿಗೆ ಕಾಯುವವರು ಕಾಯಲಿ. ಆಗ ನೂಕುನುಗ್ಗಲಿನಲ್ಲಿ ಎಳೆ ನೋಡಲು ಪುರುಸೊತ್ತಿರುವುದಿಲ್ಲ.

ಬನಿಯನ್, ಕಾಲುಚೀಲಕ್ಕೆ ನಾನು ಬೇರೆ ಅಂಗಡಿಗೇ ಹೋಗುತ್ತೇನೆ. ಮಲೆನಾಡಿನವರಿಗೆ ಮಳೆಗಾಲವೂ ಕಷ್ಟ: ದಪ್ಪ ಖಾದಿ ಬೇಗ ಒಣಗದು, ಮುಗ್ಗಲು ವಾಸನೆ ಹಿಡಿಯುತ್ತದೆ. ಆಷಾಢದಲ್ಲಿ ಮಾತ್ರ ಆ ಪಾಲಿವಸ್ತ್ರದ ಅಂಗಿಯನ್ನು ನಾನೂ ತೊಡುತ್ತೇನೆ.