ಬಿರುಗಾಳಿಯೂ ನಮ್ಮ ಮನೆಯ ಕಿಟಕಿಗಳೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಗಾಳಿಮಳೆ ಹೊಸತಲ್ಲ. ಆದರೆ ವರ್ಷವರ್ಷವೂ ಬರುವ ಮಳೆಗಾಲದ ಗಾಳಿ ಬೇರೆ, ಚಂಡಮಾರುತದ ಗಾಳಿ ಬೇರೆ. ಮನೆಯ ಮಾಡು, ಗೋಡೆಗಳ ಕುರಿತು ಎಲ್ಲರೂ ಯೋಚಿಸುತ್ತಾರೆ. ಕಿಟಕಿಯ ಕುರಿತು ಯೋಚಿಸುವವರು ವಿರಳ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದೇ ಈ ಲೇಖನದ ಉದ್ದೇಶ.

“ಚಂಡಮಾರುತ ಬಂಗಾಳ ಕೊಲ್ಲಿಯ ಕಡೆಯ ಮಾತು, ನಮಗೇಕೆ ಅದರ ಗೊಡವೆ?” ಎಂದು ನನ್ನ ಸಹಪಾಠಿಗಳು ಕೇಳಿದ್ದುಂಟು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಅರಬ್ಬಿ ಸಮುದ್ರದಲ್ಲಿ ಒಂದು ಹುಟ್ಟಿದರೆ ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಎಂಬುದು ಬಹುಕಾಲದ ಲೆಕ್ಕ. ಹುಟ್ಟಿದವುಗಳಲ್ಲಿಯೂ ಹೆಚ್ಚಿನವು ನಮ್ಮ ದಂಡೆಯನ್ನು ನೇರವಾಗಿ ಹಾಯದೆ ಉತ್ತರಕ್ಕೋ ವಾಯವ್ಯಕ್ಕೋ ಸಾಗುತ್ತವೆ. 2021ನೆಯ ಇಸವಿಯ ಮೇ 14ರಂದು ಲಕ್ಷದ್ವೀಪದ ಬಳಿ ಹುಟ್ಟಿದ ‘ತೌಕ್ತೆ’ ಹೀಗೆಯೇ ಸಾಗಿ 17ರ ರಾತ್ರಿ ಗುಜರಾತಿನಲ್ಲಿ ನೆಲ ಸೇರಿತು. ಅದರ ಕೇಂದ್ರ ನಮ್ಮ ನೆಲವನ್ನು ಮುಟ್ಟಲೇ ಇಲ್ಲ. ಆದರೂ ಮರವಂತೆಯಲ್ಲಿ ಕಡಲು ದಂಡೆಯನ್ನು ಕೊರೆಯಿತು. ಜಿಲ್ಲೆಯಲ್ಲಿ ಮರಗಳೂ ವಿದ್ಯುತ್ ಕಂಬಗಳೂ ಉರುಳಿದವು. ದೂರದಲ್ಲಿ ಹಾದುಹೋದದ್ದೇ ಇಷ್ಟು ಮಾಡಿದಮೇಲೆ ಹತ್ತಿರ ಬಂದರೆ ಏನಾದೀತು?

ಗಾಳಿಯ ಲೆಕ್ಕ

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ, ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ನಾಲ್ಕಡಿ ಎತ್ತರ, ಮೂರಡಿ ಅಗಲದ ಒಂದು ಕಿಟಕಿಯನ್ನು ತೆಗೆದುಕೊಳ್ಳೋಣ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಅದನ್ನು ಸುಮಾರು 13 ಕಿಲೋ ಭಾರದಷ್ಟು ಒತ್ತುತ್ತದೆ. 100 ಕಿಲೋಮೀಟರ್ ವೇಗದ್ದು ಸುಮಾರು 52 ಕಿಲೋದಷ್ಟು. ಕಟ್ಟಡಗಳ ಮೇಲಣ ಗಾಳಿಯ ಒತ್ತಡದ ಕುರಿತಾದ ಐ. ಎಸ್. 875ನೆಯ ಭಾರತೀಯ ಮಾನಕವು ಮಂಗಳೂರಿಗೆ ಗೊತ್ತುಪಡಿಸಿರುವ ಮೂಲವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಆಗ ಅದೇ ಕಿಟಕಿಯ ಮೇಲೆ ಬೀಳುವುದು ನೂರು ಕಿಲೋಗೂ ಮೇಲ್ಪಟ್ಟ ಒತ್ತಡ!

ಇಷ್ಟೇ ಆದರೆ ಗಟ್ಟಿ ಗಾಜು ತಾಳಿಕೊಂಡೀತು. ಆದರೆ ಬಿರುಗಾಳಿ ಬರಿಗೈಯಲ್ಲಿ ಬರುವುದಿಲ್ಲ. ತೆಂಗಿನ ಮಡಲು, ಸಡಿಲವಾದ ತಗಡು, ನೆರೆಮನೆಯ ಹಂಚು ಇವನ್ನು ಎತ್ತಿಕೊಂಡೇ ಬರುತ್ತದೆ. ಒಂದು ಏಟಿಗೆ ಗಾಜು ಒಡೆಯಿತೆಂದರೆ ಗಾಳಿ ಒಳಹೊಕ್ಕು ಮಾಡನ್ನು ಕೆಳಗಿನಿಂದ ನೂಕುತ್ತದೆ. ಮೇಲೆ ಬೀಸುವ ಗಾಳಿ ಅದೇ ಮಾಡನ್ನು ಸೆಳೆಯುತ್ತಿರುತ್ತದೆ. ರೀಪಿನ ಮೇಲೆ ತನ್ನ ಭಾರದಿಂದಲೇ ಕುಳಿತಿರುವ ಹಂಚು ಈ ಎರಡನ್ನೂ ತಡೆಯುವುದೆಂತು? ಆದುದರಿಂದ ಕಿಟಕಿಯನ್ನು ಕಾಯುವುದೆಂದರೆ ಮಾಡನ್ನೇ ಕಾಯುವುದು.

ಅಂದಿನ ಕಿಟಕಿ, ಇಂದಿನ ಕಿಟಕಿ

ನಮ್ಮ ಕಡೆಯ ಹಳೆಯ ಮನೆಗಳನ್ನು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಿಟಕಿಗಳು ಸಣ್ಣವು; ಅವುಗಳ ಮೇಲೆ ಕೆಳಕ್ಕೆ ಇಳಿದ ಮಾಡು; ಗಾಜಿಲ್ಲ; ಸರಳುಗಳ ಹಿಂದೆ ಮರದ ಬಾಗಿಲುಗಳು. ಎರಚಲು ಬಾರದಂತೆ ಮಳೆಗಾಲಕ್ಕೆ ಮುಂಚೆಯೇ ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಚಂಡಮಾರುತಕ್ಕೆಂದು ಮಾಡಿದ ಏರ್ಪಾಡು ಇದಲ್ಲ. ಆದರೂ ಮರದ ಆ ಬಾಗಿಲು ಚಂಡಮಾರುತಕ್ಕೂ ಒಂದು ತಡೆಯೇ. ಅಜ್ಜಿಯೊಬ್ಬರೇ ಮನೆಯಲ್ಲಿದ್ದರೂ ಒಳಗೆ ನಿಂತು ಎಳೆದು ಚಿಲಕ ಹಾಕಬಹುದಾಗಿತ್ತು.

ಇಂದಿನ ಹೊಸ ಮನೆಗಳಲ್ಲಿ ಬೆಳಕಿಗಾಗಿ ಅಗಲವಾದ ಗಾಜು, ಅಲ್ಯೂಮಿನಿಯಮ್ ಹಳಿಯ ಮೇಲೆ ಜಾರುವ ಬಾಗಿಲು. ಬೆಳಕು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಈ ಮನೆಗಳಲ್ಲಿ ವಾಸಿಸುವವರಾರು? ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ. ಮನೆಯಲ್ಲಿ ಅನೇಕ ಕಡೆ ಉಳಿದಿರುವವರು ವಯಸ್ಸಾದ ತಾಯಿತಂದೆಗಳು. ಕಿಟಕಿಯ ಪ್ರಶ್ನೆ ಇಲ್ಲಿ ಬರಿಯ ಮರಗೆಲಸದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

ಮೊದಲನೆಯದು, ಗಾಜಿನ ಮೇಲೆ ಅಡ್ಡಡ್ಡವಾಗಿ ಕಾಗದದ ಪಟ್ಟಿ ಅಂಟಿಸಿದರೆ ಗಾಜು ಒಡೆಯದು ಎಂಬುದು. ಪಟ್ಟಿಯಿಂದ ಗಾಜಿಗೆ ಬಲ ಬರುವುದಿಲ್ಲ. ಒಡೆದ ಚೂರು ಚೆಲ್ಲುವುದು ಸ್ವಲ್ಪ ಕಡಮೆಯಾದೀತು, ಅಷ್ಟೆ. ಹಲಗೆ ಸಿಗದಿದ್ದಾಗ ಮಾತ್ರ ಅದು ಕೊನೆಯ ಉಪಾಯ.

ಎರಡನೆಯದು, ಒತ್ತಡ ಸಮನಾಗಲೆಂದು ಒಂದು ಕಿಟಕಿಯನ್ನು ತೆರೆದಿಡಬೇಕೆಂಬುದು. ಇದು ಮಾಡನ್ನು ಎತ್ತಲು ಗಾಳಿಗೆ ನಾವೇ ದಾರಿ ಬಿಟ್ಟಂತೆ.

ಮೂರನೆಯದು, ಕಡಲಿಗೆ ಎದುರಾದ ಪಡುವಣ ಕಿಟಕಿಗಳನ್ನು ಮಾತ್ರ ಕಾಯ್ದರೆ ಸಾಕೆಂಬುದು. ನಮ್ಮ ಗೋಲಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಕೇಂದ್ರವು ನಮ್ಮ ನೈಋತ್ಯದಲ್ಲಿದ್ದಾಗ ಗಾಳಿ ಆಗ್ನೇಯದಿಂದ ಬೀಸುತ್ತದೆ. ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ. ಉತ್ತರಕ್ಕೆ ದಾಟಿದಮೇಲೆ ನೈಋತ್ಯದಿಂದ. ಆದುದರಿಂದ ತೋಟದ ಕಡೆಯ ಕಿಟಕಿಗೂ ರಕ್ಷಣೆ ಬೇಕು.

ಮಾಡತಕ್ಕದ್ದೇನು?

ಹೊಸ ಮನೆ ಕಟ್ಟಿಸುವವರು ಗಾಜಿನ ಹೊರಗೆ ಬಿಜಾಗರಿಯ ಮೇಲೆ ತಿರುಗುವ ಗಟ್ಟಿ ಬಾಗಿಲುಗಳನ್ನು ಇಡಿಸುವುದು ಉತ್ತಮ. ಒಳಗಿನಿಂದ ಕೈ ನೀಡಿ ಎಳೆದು ಭದ್ರಪಡಿಸುವಂತಿದ್ದರೆ ಇನ್ನೂ ಲೇಸು.

ಇರುವ ಮನೆಗಳಿಗೆ ನೀರು ತಾಳುವ ಪ್ಲೈವುಡ್ ಹಲಗೆ ಸಾಕು. ದಪ್ಪ 12 ಮಿಲಿಮೀಟರಿಗೆ ಕಡಮೆ ಇರಕೂಡದು. 16 ಇದ್ದರೆ ಮೇಲು. ಕಿಟಕಿಯ ಬಾಯಿಗಿಂತ ನಾಲ್ಕೂ ಕಡೆ ನಾಲ್ಕಿಂಚು ಹೆಚ್ಚಿರುವಂತೆ ಕತ್ತರಿಸಿ, ಅಡಿಗೊಂದರಂತೆ ಬೋಲ್ಟು ಹಾಕಬೇಕು. ಮುರಕಲ್ಲಿನ ಗೋಡೆಯಲ್ಲಿ ಬರಿಯ ಮೊಳೆ ನಿಲ್ಲುವುದೆಂದು ನಂಬಕೂಡದು. ಬೋಲ್ಟಿನ ನೆಲೆಗಳನ್ನು ಮೇಸ್ತ್ರಿಯಿಂದ ಮೊದಲೇ ಗಟ್ಟಿಯಾಗಿ ಕೂರಿಸಿಡಬೇಕು. ಯಾವ ಹಲಗೆ ಯಾವ ಕಿಟಕಿಗೆಂದು ಸಂಖ್ಯೆ ಬರೆದಿಡುವುದು ಅವಶ್ಯ. ಮನೆಯಿಂದ ಹೊರಡಲು ಒಂದು ಬಾಗಿಲನ್ನಂತೂ ಬಿಟ್ಟುಕೊಳ್ಳಬೇಕು. ಮನೆಯ ಮೇಲೆ ಬಾಗಿದ ತೆಂಗಿನ ಒಣಮಡಲು, ಕಾಯಿಗಳನ್ನು ಇಳಿಸಿ, ಅಂಗಳದ ತಗಡು, ಬಿಡಿ ಹಂಚುಗಳನ್ನು ಒಳಗಿಡಬೇಕು.

ಇದೆಲ್ಲವೂ ಯಾವಾಗ? ಹವಾಮಾನ ಇಲಾಖೆ 48 ಗಂಟೆ ಮುಂಚೆ ಜಾಗೃತಿಯ ಸೂಚನೆಯನ್ನೂ 24 ಗಂಟೆ ಮುಂಚೆ ಎಚ್ಚರಿಕೆಯನ್ನೂ ಕೊಡುತ್ತದೆ. ಆ ವೇಳೆಗೆ ಹಲಗೆ ಕೊಳ್ಳಲು ಹೊರಟರೆ ಆಚಾರಿಯೂ ಸಿಗಲಾರ, ಹಲಗೆಯೂ ಸಿಗಲಾರದು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ಹುಟ್ಟುವುದು ಮುಂಗಾರಿನ ಮೊದಲು ಮೇ–ಜೂನ್‌ಗಳಲ್ಲಿ, ಅನಂತರ ಅಕ್ಟೋಬರ್–ನವೆಂಬರ್‌ಗಳಲ್ಲಿ. ಆದುದರಿಂದ ಅಳತೆ, ಕತ್ತರಿಕೆ, ಬೋಲ್ಟಿನ ಕೆಲಸ ಏಪ್ರಿಲ್ ತಿಂಗಳಲ್ಲೇ ಮುಗಿದಿರಬೇಕು.

ಇಲ್ಲಿಯೇ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವಿದೆ. ಮೇಲೆ ಹೇಳಿದ ಅಳತೆಯ ಹಲಗೆಯೊಂದು ಹತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಎಪ್ಪತ್ತು ದಾಟಿದವರು ಅದನ್ನು ಹೊತ್ತು ಏಣಿ ಹತ್ತಲಾರರು. ಬೇಸಗೆಯ ರಜೆಯಲ್ಲಿ ನಾವು ನಮ್ಮ ಕೇರಿಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗಳ ಕಿಟಕಿಗಳನ್ನು ಅಳೆದುಕೊಡಬಹುದು. ಎಚ್ಚರಿಕೆ ಬಂದ ದಿನ ಇಬ್ಬಿಬ್ಬರಾಗಿ ಹೋಗಿ ಹಲಗೆ ಕೂರಿಸಿ ಬರಬಹುದು. ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರು ಇದನ್ನು ಕೈಗೆತ್ತಿಕೊಂಡರೆ, ಅಧ್ಯಾಪಕ ವರ್ಗದವರು ಮಾರ್ಗದರ್ಶನ ಮಾಡಿದರೆ, ಕೆಲಸ ಕಷ್ಟವೇನಲ್ಲ. ಮನೆಯಲ್ಲಿ ಉಳಿಯುವವರ ಕೈಗೆ ಎಟಕುವಂತಿರುವ ರಕ್ಷಣೆಯೇ ನಿಜವಾದ ರಕ್ಷಣೆ. ಅವರ ಕೈಗೆ ಎಟಕದಲ್ಲಿ ನಮ್ಮ ಕೈ ಮುಂದಾಗಲಿ.