ಬಟ್ಟೆ ಒಗೆಯುವ ಯಂತ್ರ: ಕಂಪನಿಯ ಹೆಸರು, ಊರಿನ ನೀರು, ಕೈಯಲ್ಲಿರುವ ಬಿಲ್ಲು



ಕಾಫಿ, ಅಡಿಕೆ, ಬೋರ್ಡೋ ದ್ರಾವಣಗಳ ಮಾತನ್ನು ಬಿಟ್ಟು ಈ ಸಲ ವಾಷಿಂಗ್ ಮೆಷಿನ್ನಿನ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಸಂಘದ ಕಚೇರಿಗೆ ಬರುವ ಸದಸ್ಯರೂ ಅವರ ಮನೆಯವರೂ ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ: "ಯಾವ ಕಂಪನಿಯದು ಬಾಳಿಕೆ ಬರುತ್ತದೆ?" ಒಂದು ಹೆಸರು ಹೇಳಿ ಕಳಿಸಿಬಿಡುವುದು ಸುಲಭ. ಆದರೆ ಹಾಗೆ ಹೇಳಿದ ಹೆಸರು ಒಂದೂರಿನಲ್ಲಿ ನಿಜವಾಗಿ ಇನ್ನೊಂದೂರಿನಲ್ಲಿ ಸುಳ್ಳಾಗುತ್ತದೆ. ಕಳೆದ ಕೆಲವು ತಿಂಗಳುಗಳಲ್ಲಿ ಕಚೇರಿಯ ಮುಂದೆ ಬಂದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ.

ನಮ್ಮ ಸದಸ್ಯರೊಬ್ಬರು ಮಗಳನ್ನು ಗದಗ ಜಿಲ್ಲೆಯ ಗಜೇಂದ್ರಗಡದ ಕಡೆ ಕೊಟ್ಟಿದ್ದಾರೆ. ಮದುವೆಯ ಕಾಲದಲ್ಲಿ ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ, ಮುಂಬಾಗಿಲಿನಿಂದ ಬಟ್ಟೆ ತುಂಬುವ ಎರಡು ಯಂತ್ರಗಳನ್ನು ಕೊಂಡು ಒಂದನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಇನ್ನೊಂದನ್ನು ಮಗಳಿಗೆ ಕಳಿಸಿದರು. ತೋಟದ ಮನೆಯದು ಇಂದಿಗೂ ಸರಿಯಾಗಿದೆ. ಮಗಳ ಮನೆಯದು ಮೊದಲ ತಿಂಗಳಲ್ಲೇ ಬಟ್ಟೆ ಹಿಂಡುವಾಗ ಗಡಗಡ ಸದ್ದು ಮಾಡತೊಡಗಿತು. ವರ್ಷ ತುಂಬುವಷ್ಟರಲ್ಲಿ ನೀರು ಕಾಯುವುದೂ ನಿಂತಿತು. ಕಂಪನಿಯವರು "ನಿಮ್ಮ ನೀರು ಸರಿಯಿಲ್ಲ, ಇದು ವಾರಂಟಿಗೆ ಬರುವುದಿಲ್ಲ" ಎಂದರು. ಸದಸ್ಯರು ಅಂಗಡಿಗೆ ಫೋನು ಮಾಡುತ್ತಲೇ ಇದ್ದರು. ನಮ್ಮ ಬಳಿ ಬಂದಾಗ ಯಂತ್ರ ಕೊಂಡು 20 ತಿಂಗಳಾಗಿತ್ತು.

ಮೊದಲು ನೀರಿನ ವಿಷಯ. ರೋಣ, ನರಗುಂದ ಮತ್ತು ಹಿಂದೆ ರೋಣ ತಾಲ್ಲೂಕಿನಲ್ಲೇ ಇದ್ದು ಈಗ ಬೇರೆ ತಾಲ್ಲೂಕಾಗಿರುವ ಗಜೇಂದ್ರಗಡ, ಇವು ಬಹುಮಟ್ಟಿಗೆ ಎರೆಭೂಮಿಯ ಸೀಮೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ನಮ್ಮಲ್ಲಿ ಅದರ ಮೂರು ನಾಲ್ಕು ಪಟ್ಟು. ನಮ್ಮ ಮಳೆ ಮಣ್ಣಿನ ಸುಣ್ಣವನ್ನು ತೊಳೆದು ಸಮುದ್ರಕ್ಕೆ ಒಯ್ದಿದೆ. ಆದ್ದರಿಂದಲೇ ನಾವು ತೋಟಕ್ಕೆ ಸುಣ್ಣ ಕೊಳ್ಳುತ್ತೇವೆ! ಅಲ್ಲಿಯೋ, ಸುಣ್ಣದ ಹರಳು ಮಣ್ಣಿನಲ್ಲೇ ಉಳಿದು, ನಿಧಾನವಾಗಿ ಇಂಗುವ ನೀರಿನಲ್ಲಿ ಕರಗಿ ಬೋರ್‌ವೆಲ್ಲಿಗೆ ಇಳಿಯುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ನೀರು ಮೆದುವಾದುದೇ. ಆದರೆ ನಳದಲ್ಲಿ ಅದು ದಿನವೂ ಬಾರದ ಕಾರಣ ಅದನ್ನು ಕುಡಿಯಲು ತುಂಬಿಟ್ಟುಕೊಂಡು ಬಟ್ಟೆಗೆ ಬೋರಿನ ಸವಳು ನೀರನ್ನೇ ಬಳಸುವ ಮನೆಗಳು ಬಹಳ. ಮಗಳ ಅತ್ತೆಯವರು ನಮ್ಮ ಸದಸ್ಯರಿಗೆ ಹೇಳಿದ ಮಾತು ಇದು: "ಬೀಗರ, ಇದು ನಿಮ್ಮ ಹಳ್ಳದ ನೀರಲ್ರೀ. ಚಾ ಕಾಸೋ ಪಾತೇಲಿಗೂ ಬಿಳೇ ಪದರ ಕಟ್ಟತೈತಿ, ಮಷೀನ ಬಿಟ್ಟೀತೇನ್ರಿ?"

ಇದರ ಲೆಕ್ಕ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500ರಲ್ಲಿ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ನೀರು ಸಿಕ್ಕದಿದ್ದಲ್ಲಿ 600ರವರೆಗೆ ಆಗಬಹುದೆಂದೂ ಇದೆ. 500 ಮಿಲಿಗ್ರಾಂ ಗಡಸುತನದ ನೀರನ್ನು ಒಂದು ಒಗೆತಕ್ಕೆ 50 ಲೀಟರು ಬಳಸಿದರೆ 25 ಗ್ರಾಂ ಸುಣ್ಣದಂಶ ಯಂತ್ರದ ಒಳಗೆ ಹಾದುಹೋಗುತ್ತದೆ. ವರ್ಷಕ್ಕೆ 200 ಸಲ ಒಗೆದರೆ 5 ಕಿಲೋ! ಇದರಲ್ಲಿ ಹೆಚ್ಚಿನ ಪಾಲು ನೀರಿನೊಡನೆ ಹೊರಗೆ ಹೋಗುವುದು ನಿಜ. ಆದರೆ ನೀರು ಕಾದಾಗ ಸುಣ್ಣ ಗಟ್ಟಿಯಾಗಿ ಹೀಟರಿನ ಮೇಲೆ ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ಕಾವು ನೀರಿಗೆ ಇಳಿಯದೆ ಹೀಟರೇ ಸುಟ್ಟುಹೋಗುತ್ತದೆ. ಅಂಥ ನೀರಿನ ಊರಿನಲ್ಲಿ ಯಾವ ಕಂಪನಿಯ ಹೆಸರೂ ಹೀಟರನ್ನು ಕಾಯಲಾರದು. ತಣ್ಣೀರಿನಲ್ಲಿ ಒಗೆಯುವುದು, ಎರಡು ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ಸುಣ್ಣ ಬಿಡಿಸುವ ಪುಡಿ ಹಾಕಿ ಬಿಸಿನೀರಿನಲ್ಲಿ ಓಡಿಸುವುದು, ಅಥವಾ ಹೀಟರೇ ಇಲ್ಲದ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರ ಕೊಳ್ಳುವುದು ಇದಕ್ಕೆ ಉಪಾಯ. ಮೂರನೆಯದನ್ನು ಕಡಿಮೆ ಎಣಿಸಬೇಡಿ. ರೋಣದ ಪೇಟೆಯ ಮೆಕ್ಯಾನಿಕನೂ ಬಿಚ್ಚಿ ಜೋಡಿಸಬಲ್ಲ ಯಂತ್ರ ಅದು.

ಮಕ್ಕಳನ್ನು ದೂರದ ಊರಿಗೆ ಕೊಡುವವರು ಅಲ್ಲಿಯ ನೀರನ್ನು ಹೀಗೆ ಪರೀಕ್ಷಿಸಬಹುದು: ಬಿಳಿ ಬಾಟಲಿಯಲ್ಲಿ ಅರ್ಧ ನೀರು ತೆಗೆದುಕೊಂಡು ಸಾಬೂನಿನ ಚೂರು (ಬಟ್ಟೆಯ ಪುಡಿಯಲ್ಲ, ಸಾಬೂನೇ ಆಗಬೇಕು) ಹಾಕಿ ಅಲುಗಿಸಿರಿ. ನೊರೆ ತುಂಬಿ ನಿಂತರೆ ನೀರು ಮೆದು. ನೊರೆ ಬಾರದೆ ಹಾಲಿನಂತೆ ಕದಡಿದರೆ ಗಡಸು.

ನಮ್ಮ ಮಲೆನಾಡಿನಲ್ಲಿ ಕಷ್ಟಗಳೇ ಬೇರೆ. ಮೆದು ನೀರಿಗೆ ಡಬ್ಬಿಯಲ್ಲಿ ಹೇಳಿದಷ್ಟು ಪುಡಿ ಹಾಕಿದರೆ ನೊರೆ ಉಕ್ಕಿ ಯಂತ್ರ ನಿಂತುಬಿಡುತ್ತದೆ, ಅರ್ಧ ಸಾಕು. ಹಳ್ಳದ ನೀರಿನ ಮರಳು, ಎಲೆಯ ಚೂರು ನೀರು ಒಳಬರುವ ಜಾಲರಿಯನ್ನು ಕಟ್ಟುತ್ತವೆ. ನೀರಿನ ಟ್ಯಾಂಕು ಯಂತ್ರಕ್ಕಿಂತ ಹತ್ತಡಿ ಮಾತ್ರ ಎತ್ತರದಲ್ಲಿದ್ದರೆ ಒತ್ತಡ ಸುಮಾರು 0.3 ಬಾರ್ ಅಷ್ಟೆ, ಕೆಲವು ಯಂತ್ರಗಳಿಗೆ ಅದು ಸಾಲದು. ಕೊಳ್ಳುವ ಮುನ್ನ ಪುಸ್ತಿಕೆಯಲ್ಲಿ ನೋಡಿರಿ. ಸಿಡಿಲು, ವೋಲ್ಟೇಜಿನ ಏರಿಳಿತ ಎಲೆಕ್ಟ್ರಾನಿಕ್ ಬೋರ್ಡಿಗೆ ಶತ್ರು. ಇಲಿಗಳಂತೂ ಅಡಿಯಿಂದ ನುಗ್ಗಿ ವೈರು ಕಡಿಯುತ್ತವೆ. ಇವು ಯಾವುವೂ ಸಾಧಾರಣವಾಗಿ ವಾರಂಟಿಗೆ ಬಾರವು.

ಹಾಗಾದರೆ ಕಂಪನಿ ಕಂಪನಿಗೆ ವ್ಯತ್ಯಾಸವೇ ಇಲ್ಲವೇ? ಉಂಟು. ಆದರೆ ಅದನ್ನು ಎಣಿಸಿ ಅರಿಯಬೇಕೇ ಹೊರತು ಕೇಳಿ ಅಲ್ಲ. ಅಮೆರಿಕದಲ್ಲಿ 1936ರಲ್ಲಿ ಸ್ಥಾಪನೆಯಾದ ಗ್ರಾಹಕರ ಸಂಘವೊಂದು ತನ್ನ ಸದಸ್ಯರ ಮನೆಯ ಯಂತ್ರಗಳು ಎಷ್ಟು ಸಲ ಕೆಟ್ಟವೆಂದು ಕೇಳಿ ಕಂಪನಿವಾರು ಪ್ರಕಟಿಸುತ್ತಾ ಬಂದಿದೆ. ನಮ್ಮಲ್ಲಿ ಮಾತು ಹೇಗೆ ಹುಟ್ಟುತ್ತದೆಂದರೆ, ಊರಿನಲ್ಲಿ ಒಂದು ಕಂಪನಿಯ 40 ಯಂತ್ರಗಳಿದ್ದು 4 ಕೆಟ್ಟರೆ ನಾಲ್ಕು ಮನೆಯವರು ಬೈಯುತ್ತಾರೆ. ಇನ್ನೊಂದು ಕಂಪನಿಯ 5 ಇದ್ದು 2 ಕೆಟ್ಟರೆ ಇಬ್ಬರು ಮಾತ್ರ ಬೈಯುತ್ತಾರೆ. ಕೇಳಿದವರಿಗೆ ಮೊದಲನೆಯದೇ ಕೆಟ್ಟದೆಂದು ತೋರುತ್ತದೆ. ಕೊಳೆರೋಗದಲ್ಲಿ ಉದುರಿದ ಕಾಯಿಯನ್ನು ಮರದ ಲೆಕ್ಕಕ್ಕೆ ಭಾಗಿಸದೆ ಯಾರಾದರೂ ತೋಟ ಅಳೆಯುತ್ತಾರೆಯೇ?

ಹೆಸರು ಎಂಬುದು ಶಾಶ್ವತವೂ ಅಲ್ಲ. ಒಂದು ಕಾಲಕ್ಕೆ ಮನೆಮಾತಾಗಿದ್ದ ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಯಂತ್ರದ ಮೇಲೆ ಅಂಟಿಸಿದ ನಕ್ಷತ್ರಗಳು ವಿದ್ಯುತ್ತಿನ, ನೀರಿನ ಮಿತವ್ಯಯವನ್ನು ಹೇಳುತ್ತವೆಯೇ ಹೊರತು ಬಾಳಿಕೆಯನ್ನಲ್ಲ. "ಮೋಟಾರಿಗೆ 10 ವರ್ಷ" ಎಂದರೆ ಮೋಟಾರಿಗೆ ಮಾತ್ರ. ಬೋರ್ಡು, ಬೇರಿಂಗು, ಕೆಲಸಗಾರನ ಕೂಲಿ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಬೇಕು. ನಾವು ಸದಸ್ಯರಿಗೆ ಹೇಳುವುದು ಇಷ್ಟೆ: ಯಂತ್ರ ಯಾವ ಊರಿನಲ್ಲಿ ಓಡುವುದೋ ಆ ಊರಿನಲ್ಲಿ ವಿಚಾರಿಸಿರಿ, ರಿಪೇರಿಯವನು ಎಲ್ಲಿಂದ ಬರುತ್ತಾನೆ, ಎಷ್ಟು ದಿನಕ್ಕೆ ಬರುತ್ತಾನೆ ಎಂದು. ಗಜೇಂದ್ರಗಡಕ್ಕೆ ಹುಬ್ಬಳ್ಳಿಯಿಂದ ಬರಬೇಕಾದವನು ಹದಿನೈದು ದಿನ ಮಾಡಿದರೆ ಅಷ್ಟು ದಿನ ಕೈಯಲ್ಲೇ ಒಗೆಯಬೇಕಷ್ಟೆ.

ಈಗ ಕೆಟ್ಟ ಯಂತ್ರವನ್ನು ಹಿಂದಿರುಗಿಸುವ ಮಾತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಈಗಿರುವುದು 2019ರ ಕಾಯಿದೆ. ಅದು 2020ರ ಜುಲೈಯಲ್ಲಿ ಜಾರಿಗೆ ಬಂತು. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದು ಈ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ. "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವರು ಪಾರಾಗಲಾರರು.

ನಮ್ಮ ಸದಸ್ಯರ ಸಂಶಯಗಳು ಎರಡಿದ್ದುವು. ಬಿಲ್ಲು ತಂದೆಯ ಹೆಸರಿನಲ್ಲಿದೆ, ಬಳಸುವವಳು ಮಗಳು. ಇದು ಅಡ್ಡಿಯಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಅಂಗಡಿ ಇಲ್ಲಿದೆ, ಯಂತ್ರ ಅಲ್ಲಿದೆ, ದೂರು ಎಲ್ಲಿ? ಈಗಿನ ಕಾಯಿದೆಯಲ್ಲಿ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಅಂದರೆ ಮಗಳು ಗದಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರಾಯಿತು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಎರಡು ವರ್ಷದ ಗಡುವುಂಟು. ಫೋನಿನಲ್ಲಿ "ನೋಡೋಣ, ಮಾಡೋಣ" ಎಂದದ್ದರಿಂದ ಗಡುವು ಮುಂದಕ್ಕೆ ಹೋಗುವುದಿಲ್ಲ. 20 ತಿಂಗಳು ಕಳೆದಿದ್ದುದೇ ನಮ್ಮನ್ನು ಗಾಬರಿಪಡಿಸಿದ್ದು.

ಉಳಿಸಿದ್ದು ಮೂರು ಕಾಗದ. ಮೆಕ್ಯಾನಿಕ್ ಬಂದಾಗಲೆಲ್ಲ ಕೊಟ್ಟಿದ್ದ ಜಾಬ್ ಶೀಟುಗಳನ್ನು ಅತ್ತೆಯವರು ರೇಷನ್ ಕಾರ್ಡಿನ ಜೊತೆ ಕಟ್ಟಿಟ್ಟಿದ್ದರು. ಮೊದಲನೆಯದರಲ್ಲಿ, ಸಾಗಣೆಯ ಬೋಲ್ಟುಗಳನ್ನು ತೆಗೆದಿದೆ, ಯಂತ್ರ ಮಟ್ಟವಾಗಿ ಕೂತಿದೆ, ಆದರೂ ಡ್ರಮ್ಮಿನಲ್ಲಿ ಸದ್ದಿದೆ ಎಂದು ಬರೆದಿತ್ತು. ಈ ಒಂದು ಸಾಲಿನ ಬೆಲೆ ದೊಡ್ಡದು. ಹೊಸ ಯಂತ್ರದ ಹಿಂಬದಿಯ ಈ ಬೋಲ್ಟುಗಳನ್ನು ತೆಗೆಯದೆ ಓಡಿಸಿ ಹಾಳುಮಾಡಿದರೆ ತಪ್ಪು ಜೋಡಿಸಿದವರದಾಗುತ್ತದೆ. ಇಲ್ಲಿ ಹಾಗಲ್ಲ, ಸದ್ದು ಮೊದಲ ತಿಂಗಳಿನದು, ಸುಣ್ಣ ಕಟ್ಟುವುದಕ್ಕೆ ಬಹಳ ಮೊದಲಿನದು. ಕಂಪನಿ ಎರಡು ದೋಷಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನೀರಿನ ಮೇಲೆ ಹಾಕಿತ್ತು. ನಾವು ಗಂಟು ಬಿಚ್ಚಿ ಬರೆದೆವು: ಹೀಟರು ನೀರಿನಿಂದ ಹೋಗಿರಬಹುದು, ಅದನ್ನು ಕೇಳುವುದಿಲ್ಲ, ಡ್ರಮ್ಮಿನ ದೋಷ ಹುಟ್ಟಿನದು, ಅದನ್ನು ಬಿಡುವುದಿಲ್ಲ. ಬಿಲ್ಲು, ಜಾಬ್ ಶೀಟುಗಳ ಪ್ರತಿಯೊಡನೆ ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಹೋಯಿತು, 15 ದಿನದ ಗಡುವು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಕನ್ನಡದಲ್ಲೇ ದೂರು ಬರೆಸಿದರು. ಸಹಾಯವಾಣಿ ಕಂಪನಿಗೆ ದೂರನ್ನು ಮುಟ್ಟಿಸುತ್ತದೆ, ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ.

ಆಯೋಗದ ಮೆಟ್ಟಿಲು ಹತ್ತುವ ಪ್ರಸಂಗ ಬರಲಿಲ್ಲ. ಕಂಪನಿಯವರು ಡ್ರಮ್ಮನ್ನೂ ಬೇರಿಂಗನ್ನೂ ಪುಕ್ಕಟೆ ಬದಲಿಸಿ ಬರಹದಲ್ಲಿ ಕೊಟ್ಟರು. ಹೀಟರಿನ ಹಣ ಮನೆಯವರದು. ಹೊಸ ಯಂತ್ರವೇ ಬೇಕೆಂದು ಸದಸ್ಯರಿಗಿತ್ತು. ಆದರೆ ರಿಪೇರಿಯಿಂದ ಸರಿಹೋಗುವ ದೋಷಕ್ಕೆ ಸಾಮಾನ್ಯವಾಗಿ ಬದಲಿ ಯಂತ್ರದ ಆದೇಶ ಸಿಗುವುದಿಲ್ಲ. ಹುಟ್ಟುದೋಷವೆಂದು ತೋರಿಸುವ ಹೊಣೆ ದೂರುದಾರರದು. ಬೇಕಾದಲ್ಲಿ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಬಲ್ಲುದು. ಹೀಗಾಗಿ ಜಾಬ್ ಶೀಟನ್ನು ಓದದೆ ಸಹಿ ಹಾಕಬಾರದು. "ಗ್ರಾಹಕರ ತಪ್ಪು ಬಳಕೆ" ಎಂದೋ "ತೃಪ್ತಿಕರ" ಎಂದೋ ಬರೆದಿದ್ದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಅಲ್ಲೇ "ಸದ್ದು ಇನ್ನೂ ಇದೆ" ಎಂದು ಬರೆದು ಆಮೇಲೆ ಸಹಿ ಮಾಡಿರಿ, ಪ್ರತಿ ಇಟ್ಟುಕೊಳ್ಳಿರಿ.

ಅಡಿಕೆ ಸುಲಿಯುವ ಯಂತ್ರ, ಕಾಫಿ ಪಲ್ಪರುಗಳಿಗೂ ಇದು ಅನ್ವಯವೇ ಎಂದು ಕೇಳುವವರಿದ್ದಾರೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡು ಬಳಸುವುದು ಕಾಯಿದೆಯ ದೃಷ್ಟಿಯಲ್ಲಿ ವಾಣಿಜ್ಯ ಉದ್ದೇಶವಲ್ಲ. ಊರಿನವರಿಗೆಲ್ಲ ಬಾಡಿಗೆಗೆ ಸುಲಿದುಕೊಡಲು ಆಳು ಇಟ್ಟು ನಡೆಸುವವರ ವಿಷಯ ಬೇರೆ.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಾಲದ ಸಹಕಾರ ಸಂಘ ಕಟ್ಟಿದ ಮೇಲೆ ನಮ್ಮಂಥ ಸಂಘಗಳು ಬೆಳೆದುಬಂದುವು. ಸಾಲಕ್ಕೂ ಗೊಬ್ಬರಕ್ಕೂ ಒಟ್ಟಾಗುವ ನಾವು ಈ ಎಣಿಕೆಗೂ ಒಟ್ಟಾಗಬಹುದೆಂದು ಕಚೇರಿಯಲ್ಲಿ ಒಂದು ದಾಖಲೆ ಪುಸ್ತಕ ತೆರೆದಿದ್ದೇವೆ. ಯಂತ್ರದ ಕಂಪನಿ, ಮಾದರಿ, ಕೊಂಡ ವರ್ಷ, ಓಡುವ ಊರು, ನೀರು ಹಳ್ಳದ್ದೋ ಬೋರಿನದ್ದೋ, ಕೆಟ್ಟದ್ದು ಎಷ್ಟು ಸಲ, ರಿಪೇರಿಯವನು ಬರಲು ಹಿಡಿದ ದಿನ, ಇವಿಷ್ಟನ್ನು ಬರೆಸಿರಿ. ಕೆಡದೆ ನಡೆಯುತ್ತಿರುವ ಯಂತ್ರದವರೂ ಬರೆಸಬೇಕು, ಇಲ್ಲವಾದರೆ ಭಾಗಿಸಲು ಸಂಖ್ಯೆ ಸಿಗದು. ಬರುವಾಗ ಬಿಲ್ಲನ್ನು ತಂದರೆ ಅದರ ಒಂದು ಜೆರಾಕ್ಸ್ ಪ್ರತಿಯನ್ನು ಕಚೇರಿಯ ಕಡತದಲ್ಲಿ ಇಟ್ಟುಕೊಳ್ಳುತ್ತೇವೆ.